ಊರ ಹೆಸರಿಲ್ಲದ ವಿಳಾಸಕ್ಕೆ ಕೋಲಾರದಿಂದ ಪಾರ್ಸೆಲ್

ಸೇನೆಯಲ್ಲಿರುವವರಿಗೆ ಏನಾದರೂ ಕಳಿಸಬೇಕು ಅಂತಿದ್ದರೆ ನೇರವಾಗಿ ಅಂಚೆ ಕಚೇರಿಗೇ ಹೋಗಿ. ಕೊರಿಯರ್ ಕಡೆ ತಲೆ ಹಾಕಬೇಡಿ. ನಾವು ಹಾಕಿ ಕೆಟ್ಟೆವು. ಅದಕ್ಕೇ ಅಂಚೆಯವರ ಬಗ್ಗೆ ಈ ರಿವ್ಯೂ.

ಕಳಿಸುವುದು ನಾನಲ್ಲ, ನನ್ನ ಚಿಕ್ಕಮ್ಮನ ಮಗಳು. ಬಸ್ಸಿನಲ್ಲಿ ಕಂಡಕ್ಟರ್ ಹತ್ತಿರ ಚಿಲ್ಲರೆ ಕೇಳುವುದಕ್ಕೂ ನಾಚಿಕೊಂಡು ಹತ್ತು ರೂಪಾಯಿ ಬಿಟ್ಟು ಇಳಿಯುವ ಹುಡುಗಿ. ಹುಡುಗ ಮುಳಬಾಗಿಲು ಕಡೆಯವನು, ಬೆಂಗಳೂರಿನ ಎಂಇಜಿಯಲ್ಲಿ (ಮದ್ರಾಸ್ ಎಂಜಿನಿಯರ್ ಗ್ರೂಪ್, ಸೇನೆಯ ಎಂಜಿನಿಯರ್ ದಳ) ಟ್ರೈನಿಂಗ್ ಮುಗಿಸಿದ ಯೋಧ. ಬಾಯಿ ಬಿಟ್ಟರೆ ಮೂರು ಬೀದಿಗೆ ಕೇಳಿಸುತ್ತದೆ. ರಜೆಗೆ ಬಂದಾಗ ಕೋಲಾರದ ಅಂತರಗಂಗೆ ಬೆಟ್ಟದ ಮೆಟ್ಟಿಲ ಮೇಲೆ ಓಡುತ್ತಿದ್ದ, ಇವಳು ಅಜ್ಜಿ ಜೊತೆ ಬಂದಿದ್ದಳು. ಅಲ್ಲಿನ ಕಲ್ಲಿನ ಬಸವನ ಬಾಯಿಂದ ಬೀಳುವ ನೀರನ್ನು ಅಜ್ಜಿ ಕ್ಯಾನಿಗೆ ಹಿಡಿದರು, ಅವನು ಅದನ್ನು ಕೆಳಗಿನವರೆಗೂ ಹೊತ್ತು ತಂದ. ಇವಳು ಥ್ಯಾಂಕ್ಸ್ ಕೂಡ ಹೇಳಲಿಲ್ಲ. ನಂಬರ್ ಕೇಳಿ ಇಟ್ಟುಕೊಂಡಿದ್ದು ಅಜ್ಜಿ!

ಫೋನಿನಲ್ಲಿ ಇವಳು "ಹೂಂ" ಬಿಟ್ಟರೆ ಇನ್ನೊಂದು ಮಾತಾಡುವುದಿಲ್ಲ. ಅವನಿರುವ ಕಡೆ ನೆಟ್‌ವರ್ಕ್ ಸಿಗುವುದೇ ಅಪರೂಪ, ಸಿಕ್ಕಾಗಲೂ ಬರೀ ಹೂಂ ಕೇಳಿ ಕೇಳಿ ಸಾಕಾಗಿ ಕಾಗದ ಬರೆ ಅಂದ. 2.50 ರೂಪಾಯಿಯ ಇನ್‌ಲ್ಯಾಂಡ್ ಲೆಟರ್ ತಂದಳು. ಮೊದಲನೆಯದನ್ನು ನಾನೇ ನೋಡಿದ್ದೇನೆ. "ಹಸು ಕರು ಹಾಕಿದೆ. ಹೆಣ್ಣು. ಸ್ವೆಟರ್ ಹಾಕಿಕೊಳ್ಳಿ." ಅಷ್ಟೇ, ಉಳಿದದ್ದೆಲ್ಲ ಖಾಲಿ. ಈಗ ಅಂಟಿನ ಅಂಚಿನವರೆಗೂ ಬರೆಯುತ್ತಾಳೆ. ಜಾಗ ಸಾಲಲ್ಲ, ಒಂದು ಸ್ಟಾರ್ ಕಡಿಮೆ ಕೊಡು ಅಂತ ಅವಳೇ ಹೇಳಿದ್ದು, ಅದೂ ಪಿಸುಮಾತಿನಲ್ಲಿ. ಹಾಗಾಗಿ ಅಂಚೆಗೆ ಐದಕ್ಕೆ ನಾಲ್ಕು ಸ್ಟಾರ್.

ಅವನ ಕಾಗದದ ಮೇಲಿನ ಮುದ್ರೆಯಲ್ಲಿ ಊರ ಹೆಸರಿರುವುದಿಲ್ಲ, ಫೀಲ್ಡ್ ಪೋಸ್ಟ್ ಆಫೀಸ್ (ಸೇನೆಯದೇ ಅಂಚೆ ಕಚೇರಿ) ನಂಬರ್ ಮಾತ್ರ. ಅಜ್ಜಿ ಕನ್ನಡಕ ಹಾಕಿಕೊಂಡು ಹಿಂದೆ ಮುಂದೆ ತಿರುಗಿಸಿ, "ಇದ್ಯಾವ ಊರೇ, ಬರೀ ಲೆಕ್ಕ ಐತೆ" ಅಂದರು.

ಪಾರ್ಸೆಲ್ ವಿಷಯ ಇನ್ನೊಂದು ಕಥೆ. ಒಂದು ಖಾಸಗಿ ಕೊರಿಯರ್‌ನವರು ದುಡ್ಡು ತೆಗೆದುಕೊಂಡು, ಹತ್ತು ದಿನ ಇಟ್ಟುಕೊಂಡು, ವಿಳಾಸ ಸರಿಯಿಲ್ಲ ಅಂತ ವಾಪಸ್ ಕೊಟ್ಟರು. ವಿಳಾಸ ಸರಿಯಾಗಿಯೇ ಇತ್ತು ಸ್ವಾಮಿ! ಆರ್ಮಿ ನಂಬರ್, ರ‍್ಯಾಂಕ್, ಹೆಸರು, ಯೂನಿಟ್, ಕೆಳಗೆ 56 ಎಪಿಓ ಅಥವಾ 99 ಎಪಿಓ (ಎಪಿಓ ಅಂದರೆ ಆರ್ಮಿ ಪೋಸ್ಟ್ ಆಫೀಸ್), ಆಮೇಲೆ 9ರಿಂದ ಶುರುವಾಗುವ ಪಿನ್ ಕೋಡ್. ಸೇನೆಯ ಅಂಚೆಗೆ ಅಂತಲೇ ಇಟ್ಟ ಅಂಕಿ ಅದು. ಜಾಸ್ತಿ ಬುದ್ಧಿ ಓಡಿಸಿ ಊರು, ರಾಜ್ಯ ಬರೆಯಲು ಹೋಗಬೇಡಿ, ಅವರು ಎಲ್ಲಿದ್ದಾರೆ ಅನ್ನುವುದು ಗುಟ್ಟಾಗಿಯೇ ಇರಬೇಕು ಅಲ್ವಾ. ರಿಜಿಸ್ಟರ್ಡ್ ಪೋಸ್ಟ್ ಕೇಳಬೇಡಿ, 2025ರಲ್ಲಿ ಅದು ಸ್ಪೀಡ್ ಪೋಸ್ಟ್ ಜೊತೆ ಸೇರಿದೆ.

ಪ್ಯಾಕಿಂಗ್ ಮಾತ್ರ ಗಟ್ಟಿಯಾಗಿರಲಿ. ಮೊದಲ ಸಲ ನಿಪ್ಪಟ್ಟನ್ನು ತೆಳ್ಳಗಿನ ಸ್ವೀಟ್ ಡಬ್ಬಿಯಲ್ಲಿ ಹಾಕಿದ್ದೆವು, ತಪ್ಪು ನಮ್ಮದೇ. ಎಲ್ಲರೂ ಸ್ಪೂನಿನಲ್ಲಿ ತಿಂದೆವು, ಚೆನ್ನಾಗಿತ್ತು ಅಂತ ಬರೆದಿದ್ದ. ಈಗ ಹಿದುಕಿದ ಅವರೆಬೇಳೆ ಕರಿದು, ಸ್ಟೀಲ್ ಡಬ್ಬಿಗೆ ತುಂಬಿ, ಮೇಲೆ ಬಿಳಿ ಬಟ್ಟೆ ಸುತ್ತಿ ಹೊಲಿಯುತ್ತೇವೆ.

ಹೋದ ವಾರ ಕೌಂಟರ್‌ನಲ್ಲಿ ಅವಳನ್ನೇ ಮುಂದೆ ನಿಲ್ಲಿಸಿ ನಾನು ಸುಮ್ನೆ ಪಕ್ಕಕ್ಕೆ ಸರಿದೆ. ವಿಳಾಸವನ್ನು ಗಿಣಿಪಾಠದ ಹಾಗೆ ಒಪ್ಪಿಸಿದಳು. ಒಳಗಿದ್ದವರು ತೂಕ ಮಾಡುತ್ತಾ, "ಯಾರಿಗಮ್ಮ, ಅಣ್ಣನಿಗಾ?" ಅಂತ ಕೇಳಿದರು. ಹಿಂದೆ ಏಳೆಂಟು ಜನ ಕ್ಯೂ. ಇವಳು ಡಬ್ಬಿಯ ಹೊಲಿಗೆ ಮೇಲೆ ಬೆರಳಾಡಿಸಿದಳು. ಆಮೇಲೆ ಎಲ್ಲರಿಗೂ ಕೇಳಿಸುವಂತೆ "ನಮ್ಮನೆಯವರಿಗೆ" ಅಂದಳು.

ನಿಶ್ಚಿತಾರ್ಥ ಇನ್ನೂ ಆಗಿಲ್ಲ, ಅವನಿಗೆ ರಜೆ ಸಿಗಬೇಕು.

ಹಾಂ, ರಸೀದಿ ಬಿಸಾಡಬೇಡಿ. ಟ್ರ್ಯಾಕಿಂಗ್ ನಂಬರ್ ಅದರಲ್ಲೇ ಇರುತ್ತದೆ. ನಮ್ಮವಳು ಎಲ್ಲವನ್ನೂ ಕುಂಕುಮದ ಡಬ್ಬಿಯಲ್ಲಿ ಮಡಚಿ ಇಟ್ಟಿದ್ದಾಳೆ.