ಟೈರಿಗೆ ಒರಗುವ ಡೈನಮೋ: ಕೂರಿಸುವುದು ಸರಿಯಿದ್ದರೆ ಬೆಳಕಿಗೆ ಕೊರತೆಯಿಲ್ಲ

ನನ್ನದು ರಾತ್ರಿ ಪಾಳಿಯ ಕೆಲಸ. ಹೋಗುವಾಗಲೂ ಕತ್ತಲು, ಬರುವಾಗಲೂ ಕತ್ತಲು. ಚಾರ್ಜ್ ಮಾಡುವ ದೀಪ ನಡುದಾರಿಯಲ್ಲಿ ಕೈಕೊಡುವುದು ಸಾಕಾಗಿ, ಸೈಕಲ್ಲಿಗೆ ಬಾಟಲಿ ಆಕಾರದ ಹಳೇ ಮಾದರಿಯ ಡೈನಮೋ ಮತ್ತು ಅದಕ್ಕೆ ಹೊಂದುವ ಎಲ್‌ಇಡಿ ದೀಪಗಳ ಸೆಟ್ ತಗೊಂಡೆ. ಮಳೆ, ಚಳಿ ಎರಡರಲ್ಲೂ ಓಡಿಸಿ ನೋಡಿ ಬರೆಯುತ್ತಿದ್ದೇನೆ. ನನಗೆ ತುಂಬಾ ಹಿಡಿಸಿದೆ. ಆದರೆ ಎಲ್ಲರಿಗೂ ಇದನ್ನೇ ತಗೊಳ್ಳಿ ಅನ್ನಲಾರೆ.

ಡಬ್ಬಿಯ ಮೇಲೆ 6 ವೋಲ್ಟ್, 3 ವ್ಯಾಟ್ ಎಂದಿದೆ. ಈ ಬಗೆಯ ಡೈನಮೋಗಳು ಹೆಚ್ಚುಕಡಿಮೆ ಇದೇ ಲೆಕ್ಕದವು. ಸಾಮಾನ್ಯ ಸೈಕಲ್ಲುಗಳಿಗೆ 2013ರವರೆಗೂ ಡೈನಮೋ ದೀಪವನ್ನೇ ಕಡ್ಡಾಯ ಮಾಡಿದ್ದ ಜರ್ಮನಿಯ ನಿಯಮದಲ್ಲೂ ಇದೇ ಅಳತೆ ಇತ್ತು. ಮೊದಲೆಲ್ಲ ಆ 3 ವ್ಯಾಟನ್ನು ಮುಂದಿನ ಬಲ್ಬಿಗೆ 2.4, ಹಿಂದಿನದಕ್ಕೆ 0.6 ಎಂದು ಹಂಚುತ್ತಿದ್ದರು. ಬರುತ್ತಿದ್ದದ್ದು ಹಳದಿ ಮಂಕು ಬೆಳಕು. ಅಷ್ಟೇ ಕರೆಂಟಿನಲ್ಲಿ ಎಲ್‌ಇಡಿ ರಸ್ತೆಯ ಗುಂಡಿ, ಜಲ್ಲಿಕಲ್ಲು ಎಲ್ಲವನ್ನೂ ದೂರದಿಂದಲೇ ತೋರಿಸುತ್ತದೆ. ಹಳೇ ಬಲ್ಬಿನ ನೆನಪಿನಿಂದ ಡೈನಮೋ ಬೇಡ ಅನ್ನುವವರು ಇದನ್ನೊಮ್ಮೆ ನೋಡಬೇಕು.

ಒಳಗೆ ಇರುವುದು ತಿರುಗುವ ಅಯಸ್ಕಾಂತ, ಅದರ ಹತ್ತಿರ ತಾಮ್ರದ ತಂತಿಯ ಸುರುಳಿ. ಟೈರು ಉಜ್ಜಿದಾಗ ಮೇಲಿನ ಪುಟ್ಟ ರೋಲರು ತಿರುಗುತ್ತದೆ, ಅದರ ಜೊತೆ ಅಯಸ್ಕಾಂತವೂ ತಿರುಗುತ್ತದೆ, ಸುರುಳಿಯಲ್ಲಿ ಕರೆಂಟು ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ತೋರಿಸಿಕೊಟ್ಟ ತತ್ವವೇ ಇದು. ರೋಲರಿನ ವ್ಯಾಸ ಸುಮಾರು 20 ಮಿಲಿಮೀಟರ್. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಚಕ್ರ ಸೆಕೆಂಡಿಗೆ 2 ಸುತ್ತು ತಿರುಗಿದರೆ, ಈ ರೋಲರು ಅಷ್ಟರಲ್ಲಿ 60 ಸುತ್ತು ಮುಗಿಸಿರುತ್ತದೆ. ಆ ಗುಂಯ್ ಸದ್ದು ಬರುವುದು ಅದಕ್ಕೇ.

ವೇಗ ಹೆಚ್ಚಿದರೆ ವೋಲ್ಟೇಜೂ ಹೆಚ್ಚಿ ದೀಪ ಸುಟ್ಟುಹೋಗಬೇಕಲ್ವಾ? ಹಾಗಾಗುವುದಿಲ್ಲ. ಡೈನಮೋ ಕೊಡುವುದು ಏಸಿ ಕರೆಂಟು. ಅದು ಬೇಗ ಬೇಗ ದಿಕ್ಕು ಬದಲಿಸಿದಷ್ಟೂ ಸುರುಳಿ ತಾನೇ ಅದಕ್ಕೆ ಜಾಸ್ತಿ ತಡೆ ಒಡ್ಡುತ್ತದೆ. ಹಾಗಾಗಿ ಇಳಿಜಾರಿನಲ್ಲಿ ಎಷ್ಟೇ ಜೋರಾಗಿ ಹೋದರೂ ಕರೆಂಟು ಅರ್ಧ ಆಂಪಿಯರ್ ಆಸುಪಾಸಿನಲ್ಲೇ ನಿಲ್ಲುತ್ತದೆ. ಬೇರೆ ಯಾವ ಭಾಗವನ್ನೂ ಸೇರಿಸದೆ ಇದನ್ನು ಸಾಧಿಸಿದ್ದಾರೆ ಅನ್ನುವುದು ನನಗೆ ಈಗಲೂ ಅಚ್ಚರಿ. ಒಂದು ತೊಂದರೆ ಮಾತ್ರ ಇದೆ. ಹಳೇ ಥರ ಎರಡು ಬಲ್ಬು ಹಾಕಿದ್ದರೆ, ಮುಂದಿನದು ಹೋದ ಕೂಡಲೇ ಅದರ ಪಾಲಿನ ಕರೆಂಟೂ ಹಿಂದಿನದಕ್ಕೇ ನುಗ್ಗಿ ಅದನ್ನೂ ಸುಡುತ್ತದೆ.

ಇನ್ನು ಕೂರಿಸುವ ವಿಷಯ. ಬೆಳಕು ಚೆನ್ನಾಗಿ ಬರುತ್ತದೋ ಇಲ್ಲವೋ ಅನ್ನುವುದು ಇಲ್ಲೇ ತೀರ್ಮಾನವಾಗುತ್ತದೆ, ಡಬ್ಬಿಯ ಮೇಲಿನ ಅಂಕಿಯಿಂದಲ್ಲ. ಡೈನಮೋದ ನಡುವಿನ ಗೆರೆ ನೇರವಾಗಿ ಚಕ್ರದ ಆಕ್ಸಲಿನ ಕಡೆಗೇ ಇರಬೇಕು. ಒಂದು ಉದ್ದನೆಯ ಕಡ್ಡಿಯನ್ನು ಡೈನಮೋದ ಮೈಗೆ ಹಿಡಿದು, ಅದು ಆಕ್ಸಲ್ಲಿಗೆ ಹೋಗುತ್ತದಾ ನೋಡಿ. ಸ್ವಲ್ಪ ಓರೆಯಾದರೂ ರೋಲರು ಉರುಳುವುದನ್ನು ಬಿಟ್ಟು ಟೈರನ್ನು ಕೆರೆಯುತ್ತದೆ. ಸದ್ದು ಜಾಸ್ತಿ, ಪೆಡಲು ಭಾರ, ಟೈರಿನ ಪಕ್ಕ ಬೇಗ ಸವೆತ. ರೋಲರು ರಿಮ್ಮಿಗೆ ತಾಗದೆ, ಟೈರಿನ ಪಕ್ಕದ ಗೀರುಗೀರು ಪಟ್ಟಿಯ ಮೇಲೆಯೇ ಕೂರಬೇಕು. ಕೂರಿಸಿದ ಮೇಲೆ ಚಕ್ರವನ್ನು ಕೈಯಲ್ಲಿ ತಿರುಗಿಸಿ. ಸದ್ದು ಒಂದೇ ಸಮ ಬಂದರೆ ಸರಿ, ಏರಿಳಿದರೆ ರಿಮ್ಮೇ ಬೆಂಡ್ ಆಗಿದೆ. ಮೊದಲು ಅದನ್ನು ಸರಿಮಾಡಿಸಿ.

ವೈರು ಒಂದೇ. ವಾಪಸ್ ಬರುವ ಕರೆಂಟಿಗೆ ಸೈಕಲ್ಲಿನ ಫ್ರೇಮೇ ದಾರಿ. ಅದಕ್ಕಾಗಿ ಡೈನಮೋವನ್ನು ಫ್ರೇಮಿಗೆ ಬಿಗಿಯುವ ಕ್ಲಾಂಪಿನಲ್ಲಿ ಚೂಪು ತುದಿಯ ಪುಟ್ಟ ಸ್ಕ್ರೂ ಇದೆ. ಅದು ಪೇಂಟನ್ನು ತೂರಿ ಕಬ್ಬಿಣ ಮುಟ್ಟಬೇಕು. ಪೇಂಟ್ ಗೀರಾಗುತ್ತದೆಂದು ಹೆದರಿ ಸಡಿಲ ಬಿಟ್ಟರೆ ದೀಪ ಮಿಣುಕುತ್ತದೆ. ತಿರುಗಿಸುವಾಗ ಕರಕ್ ಎಂದು ಪೇಂಟ್ ಬಿಡುವುದು ಕೈಗೆ ತಿಳಿಯುತ್ತದೆ. ಅಲ್ಲಿಂದಾಚೆಗೆ ಕಾಲು ಸುತ್ತು ಸಾಕು. ಗೀರಿದ ಜಾಗ ತುಕ್ಕು ಹಿಡಿಯದಂತೆ ಸುತ್ತ ಸ್ವಲ್ಪ ಗ್ರೀಸ್ ಸವರಿ.

ನನ್ನ ದೊಡ್ಡ ದೂರು ಕ್ಲಾಂಪಿನದು. ತಯಾರಕರು ಬರೀ ಚಪ್ಪಟೆ ವಾಷರ್ ಕೊಟ್ಟಿದ್ದಾರೆ. ಕೆಟ್ಟ ರಸ್ತೆಯಲ್ಲಿ ನಟ್ಟು ಸಡಿಲವಾಗಿ ಡೈನಮೋ ಕೆಳಗೆ ಜಾರಿತು. ನಾನು ಹಿಂದಿನ ಚಕ್ರಕ್ಕೆ ಹಾಕಿದ್ದರಿಂದ ಬರೀ ಬೆಳಕು ಹೋಯಿತು. ಮುಂದಿನ ಫೋರ್ಕಿನಲ್ಲಿ ಇದ್ದಿದ್ದರೆ ಚಕ್ರದ ಕಡ್ಡಿಗಳಿಗೆ ಸಿಕ್ಕಿ ಆಳನ್ನೇ ಎತ್ತಿ ಎಸೆಯುತ್ತಿತ್ತು. ಇಷ್ಟು ಅಪಾಯವಿರುವ ಕಡೆ ಒಂದು ಸ್ಪ್ರಿಂಗ್ ವಾಷರಿನ ಖರ್ಚು ಉಳಿಸುವುದು ತಪ್ಪು. ಹೊಸದು ತಂದವರು ಮೊದಲ ದಿನವೇ ಅದನ್ನು ಹಾಕಿಕೊಳ್ಳಿ.

ಮಳೆಯಲ್ಲಿ ಇದರ ನಿಜವಾದ ದೌರ್ಬಲ್ಯ ಕಾಣುತ್ತದೆ. ಟೈರು ಒದ್ದೆಯಾದರೆ ಲೋಹದ ರೋಲರು ಜಾರುತ್ತದೆ, ಬೆಳಕು ಕುಸಿಯುತ್ತದೆ. ಬೆಳಕು ತೀರಾ ಬೇಕಾದ ಹೊತ್ತಿಗೇ ಹೀಗೆ. ರೋಲರಿಗೆ ರಬ್ಬರ್ ಟೋಪಿ ಹಾಕಿದ ಮೇಲೆ ಎಷ್ಟೋ ವಾಸಿ, ಜೊತೆಗೆ ಸದ್ದೂ ಇಳಿಯಿತು. ಆದರೂ ಕೆಸರಾದಾಗ ಜಾರುವುದು ಪೂರ್ತಿ ನಿಂತಿಲ್ಲ.

ಸಿಗ್ನಲ್ಲಿನಲ್ಲಿ ನಿಂತರೆ ಡೈನಮೋ ನಿಲ್ಲುತ್ತದೆ, ಹಳೇ ಬಲ್ಬಾದರೆ ಅದರ ಜೊತೆಗೇ ಆರುತ್ತಿತ್ತು. ಈ ಸೆಟ್ಟಿನ ಎರಡೂ ದೀಪಗಳಲ್ಲಿ ಸ್ವಲ್ಪ ಕರೆಂಟು ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಇರುವುದರಿಂದ ನಿಂತ ಮೇಲೂ ಕೆಲವು ನಿಮಿಷ ಸಣ್ಣಗೆ ಉರಿಯುತ್ತವೆ. ಹಿಂದಿನ ದೀಪಕ್ಕಂತೂ ಈ ಸೌಲಭ್ಯ ಇಲ್ಲದೆ ತಗೊಳ್ಳಲೇಬೇಡಿ.

ಪೆಡಲು ಭಾರವಾಗುವುದು ನಿಜ. ಡೈನಮೋ ತಿರುಗಿಸಲು ಕಾಲು ಹಾಕುವ ಶಕ್ತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಕರೆಂಟಾಗದೆ ಉಜ್ಜಾಟ, ಬಿಸಿಯಲ್ಲೇ ಹೋಗುತ್ತದೆ. ಏರು ಹತ್ತುವಾಗ ಗೊತ್ತಾಗುತ್ತದೆ, ಸಮತಟ್ಟಿನಲ್ಲಿ ಬೇಗ ರೂಢಿಯಾಗುತ್ತದೆ. ಚಕ್ರದ ನಡುವಿನ ಹಬ್ಬಿನೊಳಗೇ ಇರುವ ಡೈನಮೋ ಇದಕ್ಕಿಂತ ಹಗುರ, ಮಳೆಗೂ ಜಗ್ಗುವುದಿಲ್ಲ. ಆದರೆ ಅದಕ್ಕೆ ಚಕ್ರವನ್ನೇ ಬಿಚ್ಚಿ ಕಟ್ಟಿಸಬೇಕು, ಹಗಲಲ್ಲೂ ಅದು ಸ್ವಲ್ಪ ಎಳೆಯುತ್ತಲೇ ಇರುತ್ತದೆ. ಇದನ್ನಾದರೆ ಬೆಳಗಾದ ಮೇಲೆ ಟೈರಿನಿಂದ ಬಿಡಿಸಿಟ್ಟರೆ ಚೂರೂ ಭಾರವಿಲ್ಲ.

ದಿನಾ ಮಳೆಯಲ್ಲಿ ದೂರ ಹೋಗುವವರು ಹಬ್ಬಿನ ಡೈನಮೋ ನೋಡಿ. ದಪ್ಪ ಮುಳ್ಳಿನ ಟೈರು ಇರುವವರೂ ಇದನ್ನು ಬಿಡಿ, ಪಕ್ಕದವರೆಗೆ ಬರುವ ಉಬ್ಬುಗಳ ಮೇಲೆ ರೋಲರು ಕುಣಿಯುತ್ತದೆ. ಮಾಮೂಲಿ ಟೈರು ಇದ್ದು, ನನ್ನ ಹಾಗೆ ಗೊತ್ತಿರುವ ದಾರಿಯಲ್ಲೇ ಕತ್ತಲಲ್ಲಿ ಓಡಾಡುವವರು ಧೈರ್ಯವಾಗಿ ತಗೊಳ್ಳಿ. ಆದರೆ ಕೊಳ್ಳುವ ಮುಂಚೆ ಟೈರಿನ ಪಕ್ಕವನ್ನು ಬೆರಳಿಂದ ಒತ್ತಿ, ಬಿರುಕು ಬಿಟ್ಟಿದೆಯಾ ನೋಡಿಕೊಳ್ಳಿ. ಬಿಟ್ಟಿದ್ದರೆ ಮೊದಲು ಟೈರು ಬದಲಿಸಿ, ಆಮೇಲೆ ಡೈನಮೋ.