ಗ್ಲಾಸ್ಗೋದಲ್ಲಿ ಒಂದೇ ಸಂಜೆ: ಬ್ಯಾರೋಲ್ಯಾಂಡೋ, ಕಿಂಗ್ ಟಟ್ಸೋ?

ಸ್ಕಾಟ್ಲೆಂಡಿನ ಈ ಊರಲ್ಲಿ ಸಂಗೀತ ಕಛೇರಿಗೆಂದು ಒಂದೇ ಸಂಜೆ ಇದ್ದರೆ, ಈ ಎರಡು ಸಭಾಂಗಣಗಳಲ್ಲಿ ಯಾವುದಕ್ಕೆ ಹೋಗಬೇಕು? ಹಳೆಯ ಗ್ಲಾಸ್ಗೋದ ಗುಂಗು ಬೇಕಿದ್ದರೆ ಗ್ಯಾಲೋಗೇಟ್‌ನ ಬ್ಯಾರೋಲ್ಯಾಂಡ್‌ಗೇ ಹೋಗಿ. ನನ್ನ ಮನಸ್ಸೂ ಅಲ್ಲೇ. 1934ರಲ್ಲಿ ನೃತ್ಯಶಾಲೆಯಾಗಿ ತೆರೆದು, 1958ರಲ್ಲಿ ಬೆಂಕಿಗೆ ಆಹುತಿಯಾಗಿ, 1960ರಲ್ಲಿ ಮತ್ತೆ ಎದ್ದು ನಿಂತ ಸಭಾಂಗಣ ಅದು. ಜೋಡಿಗಳು ಕುಣಿಯಲೆಂದು ಹಾಕಿದ ಪುಟಿಯುವ ಮರದ ನೆಲ ಇಂದಿಗೂ ಇದೆ. ಸುಮಾರು ಎರಡು ಸಾವಿರ ಜನ ಒಟ್ಟಿಗೆ ಜಿಗಿದಾಗ ಅದು ಪಾದದಡಿ ಉಸಿರಾಡುವಂತೆ ಏರಿಳಿಯುತ್ತದೆ. ಹೊರಗೆ ನಿಯಾನ್ ನಕ್ಷತ್ರಗಳ ಫಲಕ, ಮಳೆಯಲ್ಲಿ ನೆನೆದ ರಸ್ತೆಯ ಮೇಲೆ ಅದರ ಬಣ್ಣ. 1985ರಲ್ಲಿ ಮುಚ್ಚಿದ ಅಪೋಲೊ ಎಂಬ ಸಂಗೀತ ಸಭಾಂಗಣವನ್ನು ನೆನೆದು ನಿಟ್ಟುಸಿರು ಬಿಡುವವರಿಗೂ ಇಲ್ಲಿ ತುಸು ಸಮಾಧಾನ ಸಿಗುತ್ತದೆ.

ಸೇಂಟ್ ವಿನ್ಸೆಂಟ್ ಬೀದಿಯ ಕಿಂಗ್ ಟಟ್ಸ್ 1990ರದು. ಮುನ್ನೂರು ಜನರಿಗಷ್ಟೇ ಜಾಗ. 1993ರಲ್ಲಿ ಓಯಸಿಸ್ ಎಂಬ ರಾಕ್ ತಂಡ ಧ್ವನಿಮುದ್ರಣ ಸಂಸ್ಥೆಯೊಂದರ ಮುಖ್ಯಸ್ಥರ ಕಣ್ಣಿಗೆ ಬಿದ್ದದ್ದು ಇಲ್ಲೇ. ಗಾಯಕನ ಹಣೆಯ ಬೆವರು ಕಾಣುವಷ್ಟು ಹತ್ತಿರ ನಿಲ್ಲಬೇಕು, ಇನ್ನೂ ಹೆಸರಾಗದ ದನಿಗಳನ್ನು ಮೊದಲು ಕೇಳಬೇಕು ಎನ್ನುವವರು ಇಲ್ಲಿಗೆ ಬನ್ನಿ.