ಕಾಯೋದಾ, ಪ್ಯಾಚ್ ಹಾಕೋದಾ, ಫೋರ್ಕ್ ಮಾಡೋದಾ?

ದಿನಸಿ ಅಂಗಡಿಯ ಬಿಲ್ಲಿನಲ್ಲಿ ಒತ್ತಕ್ಷರಕ್ಕೇನೂ ಬರವಿಲ್ಲ. ಅಕ್ಕಿ, ಬೆಲ್ಲ, ಎಣ್ಣೆ, ಸಕ್ಕರೆ, ಉಪ್ಪು, ಕೊಬ್ಬರಿ. ನಾನು ಬಿಲ್‌ಗಳ ಪಿಡಿಎಫ್ ಮಾಡಲು ಬಳಸುತ್ತಿದ್ದ ಜಾವಾಸ್ಕ್ರಿಪ್ಟ್ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಇವನ್ನೆಲ್ಲ ‘ಅಕ್‌ಕಿ’, ‘ಬೆಲ್‌ಲ’, ‘ಎಣ್‌ಣೆ’ ಎಂದು ಮುದ್ರಿಸುತ್ತಿತ್ತು. ಇಂಗ್ಲಿಷ್ ಬಿಲ್ ಮಾತ್ರ ಮುತ್ತಿನಂತೆ ಬರುತ್ತಿತ್ತು!

ಕಾರಣ ಇಷ್ಟೇ. ‘ಕ್ಕ’ ಎಂಬುದು ಯೂನಿಕೋಡ್‌ನಲ್ಲಿ ಮೂರು ಸಂಕೇತ: ಕ, ಹಲಂತ, ಮತ್ತೆ ಕ. ಮೂರನ್ನೂ ಒಟ್ಟಿಗೆ ನೋಡಿ ಫಾಂಟಿನಿಂದ ಸರಿಯಾದ ಆಕಾರ ಆರಿಸಬೇಕು. ಇದಕ್ಕೆ ಶೇಪಿಂಗ್ ಎನ್ನುತ್ತಾರೆ. ‘ಅರ್ಧ ಕೆಜಿ’ಯಲ್ಲಿ ಇನ್ನೂ ಒಂದು ತಿರುವು ಇದೆ. ಟೈಪ್ ಮಾಡುವಾಗ ‘ರ್’ ಮೊದಲು ಬರುತ್ತದೆ, ಅರ್ಕಾವೊತ್ತು ಕಾಣುವುದು ‘ಧ’ ಆದ ಮೇಲೆ. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್‌ಗಳಲ್ಲಿ ಈ ಕೆಲಸವನ್ನು ಹಾರ್ಫ್‌ಬಜ್ ಎಂಬ ಓಪನ್ ಸೋರ್ಸ್ ಎಂಜಿನ್ ಮಾಡುತ್ತದೆ. ನಮ್ಮ ಲೈಬ್ರರಿಯಲ್ಲಿ ಅದು ಇರಲಿಲ್ಲ.

ತಮಾಷೆ ಏನೆಂದರೆ, ದುರಸ್ತಿ ಆಗಲೇ ಸಿದ್ಧವಿತ್ತು. ಯಾರೋ ಪುಣ್ಯಾತ್ಮರು ಹಾರ್ಫ್‌ಬಜ್ ಸೇರಿಸಿ ಪುಲ್ ರಿಕ್ವೆಸ್ಟ್, ಅಂದರೆ ‘ಈ ತಿದ್ದುಪಡಿ ಸೇರಿಸಿಕೊಳ್ಳಿ’ ಎಂಬ ಕೋರಿಕೆ, ಹಾಕಿದ್ದರು. ಟೆಸ್ಟ್‌ಗಳೆಲ್ಲ ಹಸಿರು. ಕೆಳಗೆ ಮೆಚ್ಚುಗೆಯ ಹೆಬ್ಬೆರಳುಗಳ ಸಾಲು. ಮರ್ಜ್ ಮಾತ್ರ ಇಲ್ಲ, ಮೂಲ ಕೋಡಿಗೆ ಅದು ಸೇರಿರಲಿಲ್ಲ. ಲೈಬ್ರರಿ ನೋಡಿಕೊಳ್ಳುವವರು (ಮೇಂಟೇನರ್) ಒಬ್ಬರೇ. ಸಂಬಳವಿಲ್ಲ, ಬೇರೆ ನೌಕರಿ ಮುಗಿಸಿ ಬಿಡುವಾದಾಗ ಕೂರುವವರು. ಇತ್ತ ಅಂಗಡಿಯವರು ‘ಏನ್ ಸಾರ್, ಅಕ್ಕಿಗೇ ಒತ್ತು ಬರಲ್ವಾ?’ ಎಂದು ಕೇಳುತ್ತಿದ್ದರು. ಹೀಗಾಗಿ ಇರುವ ದಾರಿಗಳನ್ನೆಲ್ಲ ಒಂದೊಂದಾಗಿ ಹಿಡಿದು ನೋಡಿದೆ.

ಮೊದಲನೆಯದು ಕಾಯುವುದು. ಖರ್ಚಿಲ್ಲ ಅನ್ನಿಸುತ್ತದೆ, ಆದರೆ ಮನಸ್ಸಿಗೆ ಇದರಷ್ಟು ದುಬಾರಿ ಇನ್ನೊಂದಿಲ್ಲ. ನಿಧಾನವನ್ನಾದರೂ ಸಹಿಸಬಹುದು, ಆಗುತ್ತದೋ ಇಲ್ಲವೋ ಗೊತ್ತಿಲ್ಲದಿರುವುದು ಜಾಸ್ತಿ ಕಾಡುತ್ತದೆ. ‘ಇದು ನಮಗೆ ಬೇಡ’ ಎಂದು ಒಂದು ಸಾಲು ಬರೆದಿದ್ದರೆ ಅವತ್ತೇ ಬೇರೆ ದಾರಿ ಹಿಡಿಯುತ್ತಿದ್ದೆ. ‘ಎನಿ ಅಪ್ಡೇಟ್?’ ಎಂದು ಸುಮ್ನೆ ಕೇಳುವವರ ಸಾಲು ಅಲ್ಲಿ ಆಗಲೇ ಉದ್ದವಿತ್ತು. ಅದರಿಂದ ಏನೂ ಕದಲಿರಲಿಲ್ಲ.

ಒತ್ತಾಯ ಮಾಡುವ ಮುಂಚೆ ಎಕ್ಸ್‌ಜ಼ೆಡ್ ಪ್ರಕರಣ ನೆನಪಿಟ್ಟುಕೊಳ್ಳಬೇಕು. ಲಿನಕ್ಸ್‌ನಲ್ಲಿ ಎಲ್ಲೆಡೆ ಇರುವ ಆ ಕಂಪ್ರೆಷನ್ ಲೈಬ್ರರಿಯನ್ನು ಲಾಸ್ಸೆ ಕೊಲಿನ್ ಒಬ್ಬರೇ ನೋಡಿಕೊಳ್ಳುತ್ತಿದ್ದರು. 2022ರಲ್ಲಿ ಕೆಲವು ಖಾತೆಗಳು ‘ಯಾಕಿಷ್ಟು ನಿಧಾನ, ಬೇರೆಯವರಿಗೆ ಕೊಡಿ’ ಎಂದು ಪೀಡಿಸಿದವು. ತಮ್ಮ ಮಾನಸಿಕ ಆರೋಗ್ಯ ಸರಿಯಿಲ್ಲ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಎಂದು ಅವರು ಹೇಳಿಕೊಂಡರು. ಕೊನೆಗೆ ಜಿಯಾ ಟಾನ್ ಎಂಬ ಹೆಸರಿನ ‘ಸಹಾಯಕ’ನಿಗೆ ಅಧಿಕಾರ ಸಿಕ್ಕಿತು. 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಬಂತು. ದೂರದ ಸರ್ವರಿಗೆ ಸುರಕ್ಷಿತವಾಗಿ ಹೊಕ್ಕುವ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಕೆದಕಿದ ಆಂಡ್ರೆಸ್ ಫ್ರೂಂಡ್ ಅದನ್ನು 2024ರ ಮಾರ್ಚ್‌ನಲ್ಲಿ ಹಿಡಿದರು. ಅವಸರಕ್ಕೆ ಹೊಸಬರ ಕೈಗೆ ಕೀಲಿ ಕೊಡಿಸುವುದು ಎಂಥ ಆಟ ಎಂದು ಇದನ್ನು ಓದಿದ ಮೇಲೆ ಯಾರಿಗೂ ವಿವರಿಸಬೇಕಿಲ್ಲ.

ಸ್ವಲ್ಪವಾದರೂ ಕೆಲಸಕ್ಕೆ ಬಂದದ್ದು ಬೇರೆ. ಆ ಪುಲ್ ರಿಕ್ವೆಸ್ಟ್ ಹಳೆಯದಾಗಿ ಮುಖ್ಯ ಕೋಡ್ ಜೊತೆ ತಾಳೆಯಾಗುತ್ತಿರಲಿಲ್ಲ. ಅದನ್ನು ಹೊಸ ಕೋಡಿನ ಮೇಲೆ ಕೂರಿಸಿದೆ (ರಿಬೇಸ್). ಇಪ್ಪತ್ತು ಕನ್ನಡ ಪದಗಳ ಒಂದು ಟೆಸ್ಟ್ ಸೇರಿಸಿದೆ. ಮುಂಚಿನ ಮತ್ತು ನಂತರದ ಪಿಡಿಎಫ್‌ಗಳ ಚಿತ್ರ ಅಂಟಿಸಿದೆ. ಕನ್ನಡ ಓದಲು ಬಾರದ ಮೇಂಟೇನರ್‌ಗೆ ‘ಅಕ್‌ಕಿ’ ತಪ್ಪು ಎಂದು ಗೊತ್ತಾಗುವುದಾದರೂ ಹೇಗೆ, ಅಲ್ವಾ? ಅವರ ಮೊದಲ ಉತ್ತರ ಬಂದದ್ದು ಆ ಚಿತ್ರಗಳಿಗೆ. ಮರ್ಜ್ ಇನ್ನೂ ಆಗಿಲ್ಲ, ಆದರೆ ಹಾರ್ಫ್‌ಬಜ್ ಸೇರಿದರೆ ಫೈಲ್ ಗಾತ್ರ ಎಷ್ಟು ಹೆಚ್ಚುತ್ತದೆ ಎಂಬ ನಿಜವಾದ ಆತಂಕ ಹೊರಗೆ ಬಂತು. ಅದಕ್ಕಾದರೆ ಉತ್ತರ ಹುಡುಕಬಹುದು.

ಎರಡನೆಯದು ಪ್ಯಾಚ್-ಪ್ಯಾಕೇಜ್, ಬೇರೆಯವರ ಲೈಬ್ರರಿಗೆ ನಮ್ಮದೇ ತೇಪೆ ಹಾಕುವ ಸಲಕರಣೆ. ಸದ್ಯಕ್ಕೆ ಅಂಗಡಿಯ ಬಿಲ್ ನಡೆಯುತ್ತಿರುವುದು ಇದರ ಮೇಲೆಯೇ. ಇಳಿಸಿಕೊಂಡ ಲೈಬ್ರರಿಗಳು ಇರುವ ನೋಡ್ ಮಾಡ್ಯೂಲ್ಸ್ ಫೋಲ್ಡರ್ ಒಳಗೇ ಲೈಬ್ರರಿಯ ಕೋಡ್ ತಿದ್ದುವುದು, ಒಂದು ಕಮ್ಯಾಂಡ್ ಕೊಡುವುದು. ವ್ಯತ್ಯಾಸವಷ್ಟನ್ನೇ ಅದು ಒಂದು ಸಣ್ಣ ಫೈಲ್ ಮಾಡಿ ನಮ್ಮ ಪ್ರಾಜೆಕ್ಟಿನಲ್ಲಿ ಇಡುತ್ತದೆ. ಮುಂದೆ ಇನ್‌ಸ್ಟಾಲ್ ಮಾಡಿದಾಗೆಲ್ಲ ತಿದ್ದುಪಡಿ ತಾನೇ ಸೇರಿಕೊಳ್ಳುತ್ತದೆ. ಒಂದು ಸಂಜೆಗೆ ಮುಗಿಯುವ ಕೆಲಸ.

ಕೊಕ್ಕೆಗಳೂ ಇವೆ. ತಿದ್ದುಪಡಿ ಸೇರುವುದು ಇನ್‌ಸ್ಟಾಲ್ ಮುಗಿದೊಡನೆ ಓಡುವ ಪೋಸ್ಟ್‌ಇನ್‌ಸ್ಟಾಲ್ ಸ್ಕ್ರಿಪ್ಟ್ ಮೂಲಕ. ಭದ್ರತೆಗೆಂದು ಸರ್ವರ್‌ನಲ್ಲಿ ಸ್ಕ್ರಿಪ್ಟ್‌ಗಳನ್ನು ಓಡಿಸದಂತೆ ಇಟ್ಟಿದ್ದರೆ ಪ್ಯಾಚ್ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ನಮ್ಮ ಕಂಪ್ಯೂಟರಿನಲ್ಲಿ ‘ಅಕ್ಕಿ’, ಸರ್ವರ್‌ನಲ್ಲಿ ‘ಅಕ್‌ಕಿ’. ಲೈಬ್ರರಿಗೆ ಹೊಸ ಅವಲಂಬನೆ (ಅದು ಆಧರಿಸುವ ಇನ್ನೊಂದು ಲೈಬ್ರರಿ) ಬೇಕಿದ್ದರೆ ಅದನ್ನು ನಮ್ಮ ಅವಲಂಬನೆಗಳ ಪಟ್ಟಿಯಾದ ಪ್ಯಾಕೇಜ್ ಜೇಸನ್‌ನಲ್ಲಿ ನಾವೇ ಬರೆಯಬೇಕು. ಲೈಬ್ರರಿಯ ಆವೃತ್ತಿಯನ್ನಂತೂ ಒಂದೇ ನಂಬರಿಗೆ ಕಟ್ಟಿಹಾಕಲೇಬೇಕು. ಮೂಲ ಲೈಬ್ರರಿಯ ಕೋಡ್ ಬದಲಾದರೆ ಪ್ಯಾಚ್ ಕೂರುವುದಿಲ್ಲ. ಆದರೆ ಹೊಸ ರಿಲೀಸೇ ಬರದ ಲೈಬ್ರರಿಯಲ್ಲಿ ಆ ಚಿಂತೆ ಯಾಕೆ ಹೇಳಿ!

ಮೂರನೆಯದು ಫೋರ್ಕ್, ಅಂದರೆ ಕೋಡನ್ನು ನಕಲು ಮಾಡಿಕೊಂಡು ನಾವೇ ಬೇರೆಯಾಗಿ ಮುಂದುವರಿಸುವುದು. ಸಿಟ್ಟು ಬಂದವರೆಲ್ಲ ಮೊದಲು ಹೇಳುವ ಮಾತು ಇದು. ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ಗುಂಡಿ ಒತ್ತಿದರೆ ಆಯಿತು, ಕಷ್ಟವೆಲ್ಲ ಆಮೇಲೆ. ನಮ್ಮ ಹೆಸರಲ್ಲಿ ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಭಂಡಾರವಾದ ಎನ್‌ಪಿಎಂಗೆ ಹಾಕಿದೆ. ಬೇರೊಂದು ಪ್ಯಾಕೇಜ್ ಒಳಗಿಂದ ಹಳೆಯ ಲೈಬ್ರರಿಯೇ ಮತ್ತೆ ಬರುತ್ತಿತ್ತು, ಓವರ್‌ರೈಡ್ಸ್ ಬರೆದು (ಯಾವ ಪ್ಯಾಕೇಜ್ ಬದಲು ಯಾವುದು ಎಂದು ಹೇಳಿ) ತಡೆದೆ. ಅಷ್ಟರಲ್ಲಿ ಯಾರೋ ತಮಿಳು ಸರಿಯಿಲ್ಲ ಎಂದರು, ಇನ್ಯಾರೋ ಅರೇಬಿಕ್ ಕೇಳಿದರು. ನಾನು ಉತ್ತರಿಸಲಿಲ್ಲ. ಬಿಡುವಿರಲಿಲ್ಲ. ಮೂಲ ಮೇಂಟೇನರ್ ಬಗ್ಗೆ ಇದ್ದ ಸಿಟ್ಟು ಇಳಿದದ್ದು ಆಗಲೇ.

ಫೋರ್ಕ್ ಗೆದ್ದ ಕಥೆಗಳು ಇಲ್ಲವೆಂದಲ್ಲ. 2010ರಲ್ಲಿ ಓಪನ್‌ಆಫೀಸ್‌ನಿಂದ ಲಿಬ್ರೆಆಫೀಸ್ ಬಂತು. ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್‌ನ ಬೆಳವಣಿಗೆ ನಿಧಾನವಾಯಿತೆಂದು 2014ರ ಕೊನೆಯಲ್ಲಿ ಐಒ ಜೆಎಸ್ ಒಡೆದು ಹೋಯಿತು. 2015ರಲ್ಲಿ ನೋಡ್ 4.0 ಹೊತ್ತಿಗೆ ಮತ್ತೆ ಒಂದಾಯಿತು. ಆದರೆ ಅಲ್ಲಿ ಹೊರಬಂದದ್ದು ಹಲವು ಡೆವಲಪರ್‌ಗಳ ತಂಡ. ಒಬ್ಬರಿಂದ ಒಬ್ಬರಿಗೆ ಮಾಡುವ ಫೋರ್ಕ್ ಎಂದರೆ ಬಿಡುವಿಲ್ಲದ ಇನ್ನೊಬ್ಬ ಮೇಂಟೇನರ್, ಅಷ್ಟೇ. ನನ್ನದನ್ನು ಮುಚ್ಚಿ ಆರ್ಕೈವ್ ಮಾಡಿದ್ದೇನೆ.

ದುಡ್ಡು ಕೊಡುವುದನ್ನೂ ನೋಡಿದೆ. ಕೊಡಿ, ಒಳ್ಳೆಯದೇ. ಆದರೆ ನಮ್ಮಂಥವರ ಸಣ್ಣ ಮೊತ್ತದಿಂದ ಅವರ ನೌಕರಿ, ಮನೆ, ಮಕ್ಕಳ ನಡುವೆ ಒಂದು ಗಂಟೆ ಹೆಚ್ಚಿಗೆ ಹುಟ್ಟುವುದಿಲ್ಲ.

ಕೊನೆಯದು ಲೈಬ್ರರಿಯನ್ನೇ ಬಿಡುವುದು. ಬ್ರೌಸರನ್ನು ಕೋಡಿನಿಂದ ನಡೆಸುವ ಪಪೆಟಿಯರ್ ಬಳಸಿ, ಕ್ರೋಮ್‌ನ ಓಪನ್ ಸೋರ್ಸ್ ಮೂಲವಾದ ಕ್ರೋಮಿಯಂನಿಂದ ಪಿಡಿಎಫ್ ತೆಗೆದೆ. ಒತ್ತಕ್ಷರ, ಅರ್ಕಾವೊತ್ತು ಎಲ್ಲ ಮೊದಲ ಸಲಕ್ಕೇ ಸರಿ. ಬೋಳು ಲಿನಕ್ಸ್ ಸರ್ವರ್ ಆದರೆ ಕನ್ನಡದ ಜಾಗದಲ್ಲಿ ಬರೀ ಚೌಕಗಳು ಬರುತ್ತವೆ. ನೋಟೊ ಸಾನ್ಸ್ ಕನ್ನಡ ಅಥವಾ ಡೆಬಿಯನ್ ಲಿನಕ್ಸ್‌ನಲ್ಲಿ ಸಿಗುವ ಗುಬ್ಬಿ, ನವಿಲು ಫಾಂಟ್ ಹಾಕಿದರೆ ಮುಗಿಯಿತು. ತೊಂದರೆ ತೂಕದ್ದು. ಒಂದು ಬಿಲ್ಲಿಗಾಗಿ ನೂರಾರು ಎಂಬಿಯ ಬ್ರೌಸರ್ ಇಳಿಸಬೇಕು, ಕಡಿಮೆ ಮೆಮೊರಿಯ ಸರ್ವರ್ ಏದುಸಿರು ಬಿಡುತ್ತದೆ. ಇನ್ನು 80 ಮಿಲಿಮೀಟರ್ ಅಗಲದ ಬಿಲ್ ರೋಲ್‌ಗೆ ಪುಟದ ಉದ್ದವನ್ನು ಮೊದಲೇ ಹೇಳಬೇಕು. ಎಷ್ಟು ಸಾಮಾನು ಎಂದು ನೋಡಿ, ಎತ್ತರ ಅಳೆದು, ಆಮೇಲೆ ಮುದ್ರಿಸಬೇಕು. ಕೌಂಟರಿನಲ್ಲಿ ಜನ ನಿಂತಿರುವಾಗ ಆ ತಡ ಗೊತ್ತಾಗುತ್ತದೆ.

ಹಾಗಾಗಿ ತಿಂಗಳ ಲೆಕ್ಕದ ಎ4 ವರದಿಯನ್ನು ಮಾತ್ರ ಕ್ರೋಮಿಯಂಗೆ ಸಾಗಿಸಿದ್ದೇನೆ. ಅದು ರಾತ್ರಿ ಓಡುತ್ತದೆ, ತಡವಾದರೆ ಕೇಳುವವರಿಲ್ಲ. ಕೌಂಟರಿನ ಬಿಲ್ ಪ್ಯಾಚ್ ಮೇಲೇ ಇದೆ. ಕೋಡನ್ನು ಬಳಕೆಗೆ ಸಿದ್ಧಗೊಳಿಸುವ ಬಿಲ್ಡ್‌ನಲ್ಲಿ ಒಂದು ತಪಾಸಣೆ ಸೇರಿಸಿದ್ದೇನೆ: ‘ಅಕ್ಕಿ’ ಮತ್ತು ‘ಅರ್ಧ’ ಎರಡನ್ನೂ ಮುದ್ರಿಸಿ, ಸರಿಯಿರುವ ಚಿತ್ರದೊಂದಿಗೆ ಹೋಲಿಸುತ್ತದೆ. ಹೊಂದದಿದ್ದರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ.